47/74-75: ಭದ್ರಾವತಿಯ ಮೇಷ್ಟ್ರು ಬರೆಸಿದ ಬಾಕಿ ಲೆಕ್ಕ

ಶಿವಮೊಗ್ಗದ ಡಿಸಿ ಆಫೀಸಿನ ಮುಂದೆ ದಲಿತ ಸಂಘರ್ಷ ಸಮಿತಿಯ ಧರಣಿ ನೀವು ಯಾವತ್ತಾದರೂ ನೋಡಿದ್ದರೆ, ಬ್ಯಾನರಿನಲ್ಲಿ ಹೆಸರಿನ ಪಕ್ಕ ಚಿಕ್ಕ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತೆ, ಗಮನಿಸಿ. 47/74-75. ಅದರ ಜೊತೆಗೆ ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ ಅಂತ ಒಂದು ಸಾಲು. ಮರುದಿನ ಅದೇ ಜಾಗದಲ್ಲಿ ಇನ್ನೊಂದು ಬಣದವರು ಶಾಮಿಯಾನ ಹಾಕಿದರೆ ಅವರ ಬ್ಯಾನರಿನಲ್ಲೂ ಅದೇ ಸಂಖ್ಯೆ, ಅದೇ ಹೆಸರು. ಸಂಘಟನೆ ಎಷ್ಟು ಹೋಳಾದರೂ ಆ ನೋಂದಣಿ ಸಂಖ್ಯೆಯನ್ನು ಯಾರೂ ಬಿಟ್ಟುಕೊಟ್ಟಿಲ್ಲ. ಮನೆ ಪಾಲಾದ ಮೇಲೂ ಹಳೇ ಪಹಣಿಯನ್ನು ಎಲ್ಲ ಅಣ್ಣತಮ್ಮಂದಿರೂ ಜೋಪಾನವಾಗಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ನಾನು ಈ ಹೆಸರನ್ನು ಮೊದಲು ಓದಿದ್ದೂ ಬ್ಯಾನರಿನಲ್ಲೇ. ಇಂಜಿನಿಯರಿಂಗ್ ಓದುವ ನಾಲ್ಕು ವರ್ಷದಲ್ಲಿ ಯಾವ ತರಗತಿಯಲ್ಲೂ, ಯಾವ ಗೆಳೆಯನ ಬಾಯಲ್ಲೂ ಕೇಳಿದ್ದಿಲ್ಲ. ಹಾಸ್ಟೆಲಿನಲ್ಲಿ ರಿಸರ್ವೇಷನ್ ಬಗ್ಗೆ ಮಾತು ಬಂದರೆ ಅದು ಸರ್ಕಾರ ಕೊಡೋ ಡಿಸ್ಕೌಂಟ್ ಅಂತ ತಮಾಷೆ ಮಾಡಿ ನಗುತ್ತಿದ್ದೆವು. ನಗುತ್ತಿದ್ದವರಲ್ಲಿ ನಾನೂ ಒಬ್ಬ. ಅದು ಡಿಸ್ಕೌಂಟಾ, ಹಳೇ ಸಾಲದ ಮರುಪಾವತಿಯಾ ಅನ್ನೋ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಅಲ್ಲೇ ಹತ್ತಿರದ ಭದ್ರಾವತಿಯಲ್ಲಿ ಒಬ್ಬ ಕನ್ನಡ ಮೇಷ್ಟ್ರು ಅದೇ ಪ್ರಶ್ನೆ ಹಿಡಿದು ಬದುಕು ಕಳೆದಿದ್ದರು ಅನ್ನೋದು ಗೊತ್ತಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಮೇಲೆ.

ಕೃಷ್ಣಪ್ಪ ಹುಟ್ಟಿದ್ದು 1938ರ ಜೂನ್ 9ರಂದು, ಹರಿಹರದ ಒಂದು ಬಡ ದಲಿತ ಮನೆಯಲ್ಲಿ. ಮಾದಿಗ ಸಮುದಾಯ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಒಂಬತ್ತು ವರ್ಷ, ಸಂವಿಧಾನ ಜಾರಿಗೆ ಬಂದಾಗ ಹನ್ನೊಂದು. ಅಂದರೆ ಅಸ್ಪೃಶ್ಯತೆ ಅಪರಾಧ ಅಂತ ಪುಸ್ತಕದಲ್ಲಿ ಬರೆದಿದ್ದನ್ನು ಓದುತ್ತಾ, ಅದೇ ಅಸ್ಪೃಶ್ಯತೆಯನ್ನು ಬೀದಿಯಲ್ಲಿ ದಿನಾ ಅನುಭವಿಸುತ್ತಾ ಬೆಳೆದ ಮೊದಲ ತಲೆಮಾರು ಅವರದು. ಹರಿಹರದಿಂದ ಮೈಸೂರಿನ ತನಕ ಓದಿನ ದಾರಿ ಸವೆಸಿ ಕನ್ನಡ ಎಂ.ಎ. ಮಾಡಿಕೊಂಡರು. ಕೆಲಸ ಸಿಕ್ಕಿದ್ದು ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ.

ಇಲ್ಲೊಂದು ವಿಚಿತ್ರ ಇದೆ. ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡಬೇಕು ಅನ್ನೋ ವಿಚಾರದಲ್ಲಿ ಮಹಾರಾಜರ ಜೊತೆ ಒಮ್ಮತ ಸಾಧ್ಯವಾಗದೆ ವಿಶ್ವೇಶ್ವರಯ್ಯ 1918ರಲ್ಲಿ ದಿವಾನಗಿರಿ ಬಿಟ್ಟವರು. ಮಿಲ್ಲರ್ ಸಮಿತಿ ನೇಮಕವಾದದ್ದೂ ಅದೇ ವರ್ಷ, ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದೂ ಅದೇ ವರ್ಷ. ಅರ್ಧ ಶತಮಾನ ಕಳೆದ ಮೇಲೆ, ಅದೇ ಕಾರ್ಖಾನೆಯ ಊರಿನಲ್ಲಿ, ಅದೇ ದಿವಾನರ ಹೆಸರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ದಲಿತ ಮೇಷ್ಟ್ರು ಪಾಲಿನ ಪ್ರಶ್ನೆಯನ್ನು ಮತ್ತೆ ಎತ್ತಿದರು.

ಆ ಕಾಲದ ಭದ್ರಾವತಿ ಅಂದರೆ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ, ಎರಡರ ಸುತ್ತ ಬೆಳೆದ ಕಾಲೊನಿಗಳು. ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಮಾತಾಡುವ ಕಾರ್ಮಿಕರು. ಹಳ್ಳಿಯ ಕೇರಿಯಿಂದ ಬಂದ ಹುಡುಗನಿಗೆ ಇಲ್ಲಿ ತಿಂಗಳ ಸಂಬಳ ನೋಡುವ ಅವಕಾಶ ಇತ್ತು. ಆದರೆ ಊರ ಗಡಿ ದಾಟಿ ಐದಾರು ಮೈಲಿ ಹೋದರೆ ಮತ್ತೆ ಅದೇ ಜಮೀನ್ದಾರ, ಅದೇ ಜೀತ, ಅದೇ ಬೇರೆ ಲೋಟ. ಎರಡೂ ಲೋಕ ಒಟ್ಟಿಗೆ ಕಾಣುವ ಜಾಗದಲ್ಲಿ ಕೃಷ್ಣಪ್ಪ ಇದ್ದರು. ದಲಿತ ಚಳವಳಿಗೆ ಬೇಕಾದ ಜನವೂ ಇಲ್ಲೇ ಸಿಕ್ಕಿತು. ಹಾಸ್ಟೆಲ್ ಹುಡುಗರು, ಸ್ಕೂಲ್ ಮೇಷ್ಟ್ರುಗಳು, ಕಚೇರಿಗಳ ಗುಮಾಸ್ತರು.

ಕಿಡಿ ಹತ್ತಿದ್ದು ಮಾತ್ರ ಮೈಸೂರಿನಲ್ಲಿ. 1973ರ ನವೆಂಬರ್. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ದನಕ್ಕೆ ಹಾಕುವ ಬೂಸಾ. ರಾಜ್ಯ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಟ್ಟರು. ಒಂದು ಸಾಹಿತ್ಯ ವಿಮರ್ಶೆಗೆ ಹಾಸ್ಟೆಲ್ ಹುಡುಗರು ಯಾಕೆ ಹೊಡೆಸಿಕೊಳ್ಳಬೇಕು? ಪಂಪ, ರನ್ನ, ಕುಮಾರವ್ಯಾಸರನ್ನು ತರಗತಿಯಲ್ಲಿ ಪ್ರೀತಿಯಿಂದ ಪಾಠ ಮಾಡುವ ಒಬ್ಬ ಕನ್ನಡ ಅಧ್ಯಾಪಕನಿಗೆ ಈ ಗಲಾಟೆ ಬೇರೆಯವರಿಗಿಂತ ಹೆಚ್ಚು ಹತ್ತಿರದಿಂದ ತಾಗಿರಲೇಬೇಕು. ಕನ್ನಡ ತನ್ನದೂ ಹೌದು, ಆದರೆ ಕನ್ನಡದ ಮನೆಯಲ್ಲಿ ತನಗೆ ಜಾಗ ಎಲ್ಲಿ?

ಅದಾದ ಕೆಲವೇ ತಿಂಗಳಲ್ಲಿ, 1974-75ರ ಸಾಲಿನಲ್ಲಿ, ದಲಿತ ಸಂಘರ್ಷ ಸಮಿತಿ ಭದ್ರಾವತಿಯಲ್ಲಿ ನೋಂದಣಿಯಾಯಿತು. ಮೊದಲ ರಾಜ್ಯ ಸಂಚಾಲಕ ಕೃಷ್ಣಪ್ಪ. ಅಧ್ಯಕ್ಷ ಅನ್ನದೆ ಸಂಚಾಲಕ ಅಂದದ್ದರಲ್ಲೂ ಒಂದು ವಿಚಾರ ಇತ್ತು. ಕುರ್ಚಿಯಲ್ಲಿ ಕೂರುವವನಿಗಿಂತ ಊರೂರು ಸುತ್ತುವವನು ಬೇಕಿತ್ತು. ಮುಂಬೈನಲ್ಲಿ 1972ರಲ್ಲೇ ದಲಿತ್ ಪ್ಯಾಂಥರ್ಸ್ ಹುಟ್ಟಿತ್ತು, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನು ನೆನಪಿಸುತ್ತಾ. ಕರ್ನಾಟಕದ್ದು ಬೇರೆ ದಾರಿ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥ ಬರಹಗಾರರು ಒಂದು ಕಡೆ, ಕೇರಿಗಳಲ್ಲಿ ರಾತ್ರಿ ಸಭೆ ಮಾಡುವ ಕಾರ್ಯಕರ್ತರು ಇನ್ನೊಂದು ಕಡೆ. ಹರಿಜನ ಅನ್ನೋ ಕರುಣೆಯ ಹೆಸರು ಹೋಗಿ ದಲಿತ ಅನ್ನೋ ಹೆಸರು ಕೇರಿಗಳ ಬಾಯಿಗೆ ಬಂದದ್ದು ಈ ಸಭೆಗಳಿಂದ. ನೆನಪಿಡಿ, ಅದರೊಳಗೆ ಹೊಲೆಯರೂ ಇದ್ದರು, ಮಾದಿಗರೂ ಇದ್ದರು. ಈ ಮಾತಿಗೆ ಆಮೇಲೆ ಬರ್ತೀನಿ.

ಈಗ ಭೂಮಿಯ ವಿಷಯ. ಕೃಷ್ಣಪ್ಪನವರನ್ನು ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಮುಖ್ಯವಾದದ್ದಿಲ್ಲ ಅಂತ ನನಗನಿಸುತ್ತೆ.

ಶಿವಮೊಗ್ಗ ಜಿಲ್ಲೆಗೆ ಭೂ ಹೋರಾಟದ ದೊಡ್ಡ ಹೆಸರಿದೆ. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು, ಸಮಾಜವಾದಿಗಳು. ಉಳುವವನೇ ಭೂಮಿಯ ಒಡೆಯ ಅನ್ನೋ ಮಾತು ಇಲ್ಲಿಂದ ವಿಧಾನಸೌಧಕ್ಕೆ ಹೋಗಿ, ಅರಸು ಕಾಲದಲ್ಲಿ, 1974ರಲ್ಲಿ ಕಾನೂನಾಯಿತು. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯ ಮಂಡಳಿಯ ಮುಂದೆ ನಿಂತರು, ಜಮೀನು ಪಡೆದರು. ಇದು ಸಣ್ಣ ಸಾಧನೆ ಅಲ್ಲ. ಆದರೆ ಕೇರಿಯಿಂದ ನಿಂತು ನೋಡಿದರೆ ಚಿತ್ರ ಬೇರೆ. ಕಾನೂನು ಕೊಟ್ಟಿದ್ದು ಗೇಣಿ ಮಾಡುತ್ತಿದ್ದವನಿಗೆ. ದಲಿತರಲ್ಲಿ ಹೆಚ್ಚಿನವರು ಗೇಣಿದಾರರಾಗುವಷ್ಟು ಮೇಲಕ್ಕೂ ಬಂದಿರಲಿಲ್ಲ. ಅವರು ಕೂಲಿ, ಆಳು, ಜೀತ. ನೇಗಿಲು ಹಿಡಿದವನ ಕೈ ದಲಿತನದ್ದೇ ಆಗಿದ್ದರೂ ಕಾಗದದಲ್ಲಿ ಉಳುವವನು ಬೇರೆ. ಗೇಣಿಚೀಟಿ ಇಲ್ಲದವನಿಗೆ ಫಾರಂ 7 ಯಾವ ಲೆಕ್ಕ?

ಹಾಗಂತ ದಲಿತರಿಗೆ ಜಮೀನೇ ಇರಲಿಲ್ಲ ಅಂತಲ್ಲ. ಮೈಸೂರು ಸಂಸ್ಥಾನದ ಕಾಲದಿಂದಲೂ ಸರ್ಕಾರ ದಲಿತರಿಗೆ ಅಷ್ಟಿಷ್ಟು ಜಮೀನು ಮಂಜೂರು ಮಾಡುತ್ತಿತ್ತು, ಇಷ್ಟು ವರ್ಷ ಮಾರಬಾರದು ಅನ್ನೋ ಷರತ್ತಿನ ಮೇಲೆ. ತೋಟಿ, ತಳವಾರ, ನೀರಗಂಟಿ ಚಾಕರಿಗೆ ಇನಾಂ ಜಮೀನೂ ಇತ್ತು. ಕೈಗೆ ಬಂದದ್ದು ಕೈಯಲ್ಲಿ ಉಳಿಯಲಿಲ್ಲ. ಮದುವೆ ಸಾಲ, ಬರಗಾಲದ ರಾಗಿ, ಸಾರಾಯಿ ಅಂಗಡಿಯ ಬಾಕಿ, ಒಂದು ಹೆಬ್ಬೆಟ್ಟು. ಷರತ್ತಿನ ಅವಧಿ ಮುಗಿಯುವ ಮೊದಲೇ ಜಮೀನು ಊರಿನ ದೊಡ್ಡವರ ಕೈ ಸೇರುತ್ತಿತ್ತು, ಮಂಜೂರಾದವನು ತನ್ನದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ. ಅಮೆರಿಕದಲ್ಲಿ 1865ರಲ್ಲಿ ಬಿಡುಗಡೆಯಾದ ಕಪ್ಪು ಗುಲಾಮರ ಕುಟುಂಬಗಳಿಗೆ ತಲಾ ನಲವತ್ತು ಎಕರೆವರೆಗೆ ಭೂಮಿ ಹಂಚುವ ಆದೇಶ ಹೊರಟು, ಅದೇ ವರ್ಷ ಹೊಸ ಅಧ್ಯಕ್ಷ ಅದನ್ನು ಹಳೇ ಒಡೆಯರಿಗೆ ವಾಪಸ್ ಕೊಡಿಸಿದ. ಅಲ್ಲಿನ ರೆಪರೇಷನ್ಸ್ ಚರ್ಚೆ ಇವತ್ತಿಗೂ ಆ ನಲವತ್ತು ಎಕರೆಯ ಸುತ್ತ ತಿರುಗುತ್ತೆ. ನಮ್ಮಲ್ಲಿ ಕಿತ್ತುಕೊಳ್ಳೋಕೆ ಅಧ್ಯಕ್ಷರ ಆದೇಶವೂ ಬೇಕಾಗಲಿಲ್ಲ.

ಭದ್ರಾವತಿ ತಾಲ್ಲೂಕಿನ ಸಿದ್ಲಿಪುರದ ದಲಿತರ ಭೂಮಿಗಾಗಿ ಸಮಿತಿ ನಡೆಸಿದ ಹೋರಾಟವನ್ನು ಹಳೇ ಕಾರ್ಯಕರ್ತರು ಇವತ್ತಿಗೂ ಮೊದಲಿಗೆ ನೆನೆಸಿಕೊಳ್ಳುತ್ತಾರೆ. ಚಳವಳಿಗೆ ಹೆಂಡದ ಬದಲು ಭೂಮಿ ಕೇಳುವ ಘೋಷಣೆ ಸಿಕ್ಕಿದ್ದೂ ಇಂಥ ಹೋರಾಟಗಳ ದಿನಗಳಲ್ಲೇ. ಇಲ್ಲಿ ಕೃಷ್ಣಪ್ಪನವರ ರಾಜಕಾರಣದ ತಿರುಳು ಕಾಣುತ್ತೆ. ಭೂಮಿ ಕೇಳುವಾಗ ಅವರ ಸಂಘಟನೆ ಬಡವರಿಗೆ ಸಹಾಯ ಮಾಡಿ ಅಂತ ಅರ್ಜಿ ಹಾಕಲಿಲ್ಲ. ಬಾಕಿ ಅನ್ನೋದು ನನ್ನ ಪದ, ಅವರದ್ದಲ್ಲ. ಆದರೆ ಅವರು ಮಾಡಿದ್ದು ಬಾಕಿ ವಸೂಲಿಯ ಕೆಲಸವೇ. ಸಹಾಯ ಕೇಳುವವನು ಕೊಡುವವನ ಮುಖ ನೋಡಬೇಕು, ಬಾಕಿ ಕೇಳುವವನು ಲೆಕ್ಕದ ಪುಸ್ತಕ ನೋಡ್ತಾನೆ.

ಅರಸು ಸರ್ಕಾರ ತಂದ ಪಿಟಿಸಿಎಲ್ ಕಾಯ್ದೆ ಇದೇ ತರ್ಕವನ್ನು ಕಾನೂನಿನ ಭಾಷೆಯಲ್ಲಿ ಹೇಳಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಪರಭಾರೆಯಾಗಿದ್ದರೆ ಆ ಮಾರಾಟವೇ ಅನೂರ್ಜಿತ, ಕಾಯ್ದೆ ಬರುವ ಮೊದಲು ಆಗಿದ್ದರೂ ಅನೂರ್ಜಿತ. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ತೆಗೆದುಕೊಂಡು ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಮರಳಿಸಬೇಕು. 1978ರ ಕಾಯ್ದೆ, 1979ರ ಜನವರಿಯಿಂದ ಜಾರಿ. ಕೊಂಡವರು ಸುಪ್ರೀಂ ಕೋರ್ಟ್ ತನಕ ಹೋದರು, 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ದಲಿತ ಚಳವಳಿ ಉತ್ತುಂಗದಲ್ಲಿದ್ದ ವರ್ಷಗಳೂ ಇವೇ. ಕಾನೂನು ಪುಸ್ತಕದಲ್ಲಿದ್ದರೆ ಸಾಕೇ? ಎಸಿ ಆಫೀಸಿನ ಮೆಟ್ಟಿಲು ಹತ್ತಲು ಹೆದರುವವನ ಜೊತೆ ಒಬ್ಬರು ಹೋಗಬೇಕು, ಹೋಗಿ ಬಂದ ರಾತ್ರಿ ಕೇರಿಗೆ ಬಹಿಷ್ಕಾರ ಬಿದ್ದರೆ ಮರುದಿನ ಪೊಲೀಸ್ ಸ್ಟೇಷನ್ನಿಗೂ ಹೋಗಬೇಕು. ಆ ಕೆಲಸ ಮಾಡಿದ್ದು ಊರೂರಿನ ಸಂಚಾಲಕರು.

ಸಾಹಿತ್ಯದ ಕಡೆಯ ಹೋರಾಟ ಇದಕ್ಕಿಂತ ಬೇರೆಯದಾಗಿರಲಿಲ್ಲ. 1976ರಲ್ಲಿ ಭದ್ರಾವತಿಯಲ್ಲೇ ದಲಿತ ಲೇಖಕರು, ಕಲಾವಿದರು ಸಮ್ಮೇಳನ ಮಾಡಿದರು. ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅನ್ನೋ ಬೇಡಿಕೆಯನ್ನು ಪರಿಷತ್ತು ಒಪ್ಪದೇ ಹೋದಾಗ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬರೀ ಒಂದು ಗೋಷ್ಠಿಗೆ ಇಷ್ಟೆಲ್ಲಾ ಬೇಕಿತ್ತಾ ಅಂತ ಕೇಳುವವರು ಇವತ್ತೂ ಇದ್ದಾರೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಜಮೀನಿಲ್ಲ, ಸಾಹಿತ್ಯ ಚರಿತ್ರೆಯಲ್ಲಿ ಹೆಸರಿಲ್ಲದವನಿಗೆ ಭಾಷೆಯಿಲ್ಲ. ಕನ್ನಡ ಮೇಷ್ಟ್ರಿಗೆ ಇವೆರಡರ ನಂಟು ಬೇರೆ ಯಾರೂ ವಿವರಿಸಬೇಕಿರಲಿಲ್ಲ.

ಅವರ ಜೀವನದ ಅತಿ ಕಷ್ಟದ ಅಧ್ಯಾಯ ಚಂದ್ರಗುತ್ತಿಯದು. ಸೊರಬ ತಾಲ್ಲೂಕಿನ ಈ ಊರಿನ ಗುಡ್ಡದ ಗುಹೆಯಲ್ಲಿ ರೇಣುಕಾಂಬೆ ಇದ್ದಾಳೆ. ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮುಳುಗಿ ಬೆತ್ತಲೆಯಾಗಿ ದೇವಸ್ಥಾನದ ತನಕ ಬರುತ್ತಿದ್ದರು. ಹೀಗೆ ಬರುವವರಲ್ಲಿ ದಲಿತ, ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳೇ ಹೆಚ್ಚು. ನೋಡಲು ಬರುವ ಜನಜಂಗುಳಿಯೇ ಬೇರೆ. ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳು ಇದನ್ನು ನಿಲ್ಲಿಸಬೇಕು ಅಂತ ಪ್ರಚಾರಕ್ಕಿಳಿದವು. 1986ರ ಮಾರ್ಚಿನ ಜಾತ್ರೆಯಲ್ಲಿ ಜನ ತಿರುಗಿಬಿದ್ದರು. ಕಾರ್ಯಕರ್ತರು, ಪತ್ರಕರ್ತರು, ಪೊಲೀಸರು, ಮಹಿಳಾ ಪೊಲೀಸರು ಕೂಡ ಹೊಡೆತ ತಿಂದರು. ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿಸಿದರು.

ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಈ ಘಟನೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಭಕ್ತರ ನಂಬಿಕೆಯೊಳಗೆ ಹೊರಗಿನ ವಿಚಾರವಾದಿ ಎಷ್ಟರ ಮಟ್ಟಿಗೆ ಕೈಹಾಕಬಹುದು ಅನ್ನೋ ತಳಮಳ ಅದರಲ್ಲಿದೆ. ಒಳ್ಳೆಯ ಪ್ರಬಂಧ, ಓದಬೇಕಾದ್ದೇ. ಆದರೆ ಅದನ್ನು ಓದುವಾಗಲೆಲ್ಲ ನನಗೊಂದು ತಕರಾರು ಏಳುತ್ತೆ. ಕೃಷ್ಣಪ್ಪ ಮತ್ತು ಅವರ ಸಂಗಾತಿಗಳು ಹೊರಗಿನವರಲ್ಲ. ಬೆತ್ತಲೆ ಓಡುತ್ತಿದ್ದವರು ಅವರ ಅಕ್ಕತಂಗಿಯರು, ಅವ್ವಂದಿರು. ದೇವರ ಹೆಸರಿನಲ್ಲಿ ಯಾವ ಜಾತಿಯ ಹೆಣ್ಣಿನ ಮೈ ಸಾರ್ವಜನಿಕವಾಗುತ್ತೆ, ಯಾವ ಜಾತಿಯದ್ದು ಆಗಲ್ಲ ಅನ್ನೋದನ್ನು ಕಂಡವರಿಗೆ ಇದು ನಂಬಿಕೆ-ವಿಚಾರಗಳ ಚರ್ಚೆಯಾಗಿ ಉಳಿಯಲಿಲ್ಲ.

ಇಷ್ಟು ಹೇಳಿ ಇನ್ನೊಂದನ್ನೂ ಹೇಳಬೇಕು. ಆವತ್ತು ಕಲ್ಲು ಹಿಡಿದ ಗುಂಪಿನಲ್ಲೂ ಬಡವರು, ಹಿಂದುಳಿದವರು ಇದ್ದರು. ತಮ್ಮವರ ಘನತೆಗಾಗಿ ಹೋದವರು ತಮ್ಮಂಥವರಿಂದಲೇ ಏಟು ತಿಂದರು. ಆ ಹೆಣ್ಣುಮಕ್ಕಳ ಜೊತೆ ಕೂತು ಮಾತಾಡುವ ಕೆಲಸ ಸಾಕಷ್ಟು ಆಗಿತ್ತಾ? ಚಳವಳಿಯ ಮುಂದಿನ ಸಾಲಿನಲ್ಲಿ ಹೆಂಗಸರು ಎಷ್ಟು ಕಡಿಮೆ ಇದ್ದರು ಅನ್ನೋದನ್ನು ನೋಡಿದರೆ, ಆಗಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಸರ್ಕಾರ ನ್ಯಾಯಮೂರ್ತಿ ಚೆನ್ನಪ್ಪ ಆಯೋಗ ನೇಮಿಸಿತು. ಮುಂದೆ ಬೆತ್ತಲೆ ಸೇವೆಗೆ ನಿಷೇಧ ಬಂತು. ಹೋರಾಟ ಗೆದ್ದಿತು, ಆದರೆ ಆ ವರ್ಷಗಳ ಗೆಲುವುಗಳೆಲ್ಲ ಹೀಗೇ ಮೈಮೇಲೆ ಗಾಯ ಬಿಟ್ಟುಹೋದವು. ಮರುವರ್ಷವೇ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ ಸುದ್ದಿ ಬಂತು, ಮತ್ತೆ ಬೀದಿಗಿಳಿಯಬೇಕಾಯಿತು.

ಎಂಬತ್ತರ ದಶಕದ ಕೊನೆಗೆ ಸಂಘಟನೆಯೊಳಗೆ ಬಿರುಕು ಕಾಣಿಸಿತು. ಚುನಾವಣಾ ರಾಜಕೀಯಕ್ಕೆ ಹೋಗಬೇಕಾ, ಹೊರಗೇ ನಿಂತು ಒತ್ತಡ ಹಾಕಬೇಕಾ? ಯಾವ ಪಕ್ಷದ ಜೊತೆ, ಎಷ್ಟು ದೂರ? ಬಣಗಳಾದವು. ಕೃಷ್ಣಪ್ಪ ಕೊನೆಯ ವರ್ಷಗಳಲ್ಲಿ ಬಹುಜನ ಸಮಾಜ ಪಕ್ಷದ ಕಡೆ ತಿರುಗಿದರು. ಬಾಕಿ ಕೇಳುತ್ತಾ ಕೂರುವುದಕ್ಕಿಂತ ಲೆಕ್ಕ ಬರೆಯುವ ಕುರ್ಚಿಯೇ ಬೇಕು ಅಂತ ಅವರಿಗೆ ಅನಿಸಿರಬಹುದು. ಕರ್ನಾಟಕದಲ್ಲಿ ಆ ದಾರಿ ಹೆಚ್ಚು ದೂರ ಹೋಗಲಿಲ್ಲ. ಅದನ್ನು ನೋಡಲು ಅವರೂ ಇರಲಿಲ್ಲ. 1997ರ ಏಪ್ರಿಲ್ 30ರಂದು ತೀರಿಕೊಂಡರು, ಐವತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಹರಿಹರದ ಹತ್ತಿರ ಹನಗವಾಡಿಯ ಮೈತ್ರಿವನದಲ್ಲಿ ಅವರ ಹೆಸರಿನ ಭವನ ಇದೆ.

ಅವರು ಹೋದ ಮೇಲೆ ದಲಿತ ಅನ್ನೋ ಒಂದೇ ಹೆಸರಿನೊಳಗೆ ಯಾರಿಗೆ ಎಷ್ಟು ಸಿಕ್ಕಿತು ಅನ್ನೋ ಪ್ರಶ್ನೆ ಜೋರಾಯಿತು. ಮಾದಿಗ ಸಮುದಾಯ ಒಳಮೀಸಲಾತಿಗಾಗಿ ದಶಕಗಳ ಕಾಲ ಬೀದಿಯಲ್ಲಿ ಕೂತಿತು. ಸದಾಶಿವ ಆಯೋಗ, 2024ರ ಸುಪ್ರೀಂ ಕೋರ್ಟ್ ತೀರ್ಪು, ನಾಗಮೋಹನ್ ದಾಸ್ ಆಯೋಗ, ಎಲ್ಲ ದಾಟಿ 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಅಂತ ಹಂಚಿತು. ಅಲೆಮಾರಿಗಳು ನಮ್ಮ ಪಾಲು ಎಲ್ಲಿ ಅಂತ ಕೇಳಿದರು. ಇದನ್ನು ದಲಿತ ಒಗ್ಗಟ್ಟಿನ ಸೋಲು ಅಂತ ಕೆಲವರು ಹಲುಬುತ್ತಾರೆ. ನನಗೆ ಹಾಗನಿಸಲ್ಲ. ಮಾದಿಗ ಮನೆಯಿಂದ ಬಂದು ಎಲ್ಲರನ್ನೂ ಒಂದೇ ಬ್ಯಾನರಿನಡಿ ತಂದ ಮನುಷ್ಯ ಕಲಿಸಿದ್ದೇ ಪಾಲು ಕೇಳೋದನ್ನು.

ಭೂಮಿಯ ಕಥೆ ಮಾತ್ರ ಹಿಂದಕ್ಕೆ ಜಾರಿತು. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಪಿಟಿಸಿಎಲ್ ಅರ್ಜಿಗಳನ್ನು ಸಮಂಜಸ ಅವಧಿಯೊಳಗೆ ಹಾಕಬೇಕು, ದಶಕಗಳ ನಂತರ ಬಂದರೆ ಆಗಲ್ಲ ಅಂದಿತು. ಆ ತೀರ್ಪು ಹಿಡಿದು ಅರ್ಜಿಗಳು ಒಂದೊಂದಾಗಿ ತಡವಾಯಿತು ಅನ್ನೋ ಕಾರಣಕ್ಕೆ ಬಿದ್ದವು. ತಡ ಯಾರದ್ದು? ಓದು ಬಾರದವನಿಗೆ ತನ್ನ ಅಜ್ಜ ಹಾಕಿದ ಹೆಬ್ಬೆಟ್ಟು ಕಾನೂನಿನಲ್ಲಿ ನಿಲ್ಲದು ಅಂತ ತಿಳಿಯೋಕೆ ಮೊಮ್ಮಗ ಓದಬೇಕಾಯಿತು. ಅಷ್ಟು ವರ್ಷ ಬೇಕಾದದ್ದೇ ಅನ್ಯಾಯದ ಒಂದು ಭಾಗ. ಅದನ್ನೇ ಅರ್ಜಿ ವಜಾ ಮಾಡಲು ಕಾರಣ ಮಾಡಿದರೆ ಹೇಗೆ? ದಲಿತ ಸಂಘಟನೆಗಳು ಮತ್ತೆ ಧರಣಿ ಕೂತವು. 2023ರ ಜುಲೈಯಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸ್ಪಷ್ಟಪಡಿಸಿತು.

ಕೊಂಡವರಲ್ಲೂ ಸಣ್ಣ ರೈತರಿದ್ದಾರೆ, ಎರಡು ಮೂರು ಕೈ ಬದಲಾದ ಮೇಲೆ ಗೊತ್ತಿಲ್ಲದೆ ಕೊಂಡವರಿದ್ದಾರೆ. ಅವರಿಗೂ ಒಂದು ನ್ಯಾಯ ಬೇಕು, ಆದರೆ ಅದನ್ನು ಕೊಡಬೇಕಾದ್ದು ನೋಂದಣಿ ಮಾಡಿಕೊಟ್ಟ ಸರ್ಕಾರ. ಮೂಲ ಮಂಜೂರುದಾರನ ಮಕ್ಕಳ ಪಾಲಿನಿಂದ ಕೊಡೋದಲ್ಲ.

ತಿದ್ದುಪಡಿಯ ಮೇಲೂ ಕೆಲಸ ಸುಲಭ ಆಗಿಲ್ಲ. ಎಸಿ ಕೋರ್ಟಿಗೆ ಸಾಗುವಳಿ ಚೀಟಿ ಬೇಕು, ಮಂಜೂರಾತಿ ಕಡತ ಬೇಕು, ಹಳೇ ಪಹಣಿ ಬೇಕು, ವಂಶವೃಕ್ಷ ಬೇಕು. ಐವತ್ತು ವರ್ಷದ ಹಿಂದಿನ ಚೀಟಿ ಹಂಚಿನ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಸಿಗದೆ ಉಳಿದಿದ್ದರೆ ಪುಣ್ಯ. ಸಿಗದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ, ಕಡತ ಲಭ್ಯವಿಲ್ಲ ಅನ್ನೋ ಹಿಂಬರಹ, ಮತ್ತೆ ಅರ್ಜಿ. ಆ ಅರ್ಜಿ ಬರೆದುಕೊಡೋದು ಎಷ್ಟೋ ಸಲ ಊರಿನ ಸಂಚಾಲಕನೇ. ಅವನು ಯಾವ ಬಣದವನೇ ಆಗಿರಲಿ, ಲೆಟರ್‌ಹೆಡ್ಡಿನ ತಲೆಯ ಮೇಲೆ 47/74-75 ಅಂತ ಅಚ್ಚಾಗಿರುತ್ತೆ.